ಹಳೆ ಎಲಿಜಬೆತ್‌ವಿಲ್ ತೋರಿಸುವ ಲುಬುಂಬಾಶಿ ಕಾರ್ ಟೂರ್: ಹೋಗಬಹುದಾ?

ಹೋಗಿ, ದುಡ್ಡಿಗೆ ಮೋಸ ಇಲ್ಲ. ಆದರೆ ಟೂರಿನವರು ಕೊಡುವ ಜಾಗಗಳ ಪಟ್ಟಿಯನ್ನು ಹಾಗೇ ಒಪ್ಪಿಕೊಳ್ಳಬೇಡಿ. ಟೈಮ್ ಇಲ್ಲದವರು ಇಷ್ಟು ಓದಿ ನಿಲ್ಲಿಸಬಹುದು. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಅದರಲ್ಲಿ ಮೂರು ಗೈಡ್‌ಗೆ, ಅರ್ಧ ಕಾರಿಗೆ. ಕಾರಿಗೆ ಅದೂ ಜಾಸ್ತಿಯೇ.

ಲುಬುಂಬಾಶಿ ಕಾಂಗೋ ದೇಶದ ದಕ್ಷಿಣ ತುದಿಯಲ್ಲಿ, ಜಾಂಬಿಯಾ ಗಡಿಗೆ ಹತ್ತಿರ ಇರುವ ಗಣಿ ಊರು. ತಾಮ್ರ, ಕೊಬಾಲ್ಟ್ ಎರಡೂ ಇಲ್ಲಿನ ಮಣ್ಣಿನಲ್ಲೇ ಇವೆ. ಭಾರತದಿಂದ ವ್ಯಾಪಾರಕ್ಕೆ, ಗಣಿಗಳ ಕೆಲಸಕ್ಕೆ ಬಂದವರು ಇಲ್ಲಿ ಸಾಕಷ್ಟು ಜನ ಇದ್ದಾರೆ. ಬಂದವರೆಲ್ಲ ಸೈಟು, ಗೆಸ್ಟ್‌ಹೌಸು, ಏರ್‌ಪೋರ್ಟು ಇಷ್ಟನ್ನೇ ನೋಡಿಕೊಂಡು ವಾಪಸ್ ಹೋಗುತ್ತಾರೆ. ಆಮೇಲೆ ಊರಲ್ಲಿ ನೋಡುವುದಕ್ಕೆ ಏನೂ ಇಲ್ಲ ಅಂತ ಹೇಳುತ್ತಾರೆ. ಅಂಥವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

1910ರಲ್ಲಿ ಬೆಲ್ಜಿಯಂನವರು ಊರು ಕಟ್ಟಿದಾಗ ಇಟ್ಟ ಹೆಸರು ಎಲಿಜಬೆತ್‌ವಿಲ್. ಅವರ ರಾಜ ಒಂದನೇ ಆಲ್ಬರ್ಟ್‌ನ ಹೆಂಡತಿ ರಾಣಿ ಎಲಿಜಬೆತ್ ಹೆಸರು ಅದು. ಇಂಗ್ಲೆಂಡಿನ ರಾಣಿಗೂ ಇದಕ್ಕೂ ಸಂಬಂಧ ಇಲ್ಲ. 1966ರಲ್ಲಿ ಕಾಂಗೋ ಅಧ್ಯಕ್ಷ ಮೊಬುಟು ಕಾಲದಲ್ಲಿ ಹೆಸರು ಬದಲಾಯಿತು. ಲಿಯೋಪೋಲ್ಡ್‌ವಿಲ್ ಹೋಗಿ ಕಿನ್ಶಾಸಾ ಬಂತು, ಸ್ಟ್ಯಾನ್ಲಿವಿಲ್ ಹೋಗಿ ಕಿಸಂಗಾನಿ ಬಂತು, ಪಕ್ಕದ ಗಣಿ ಊರು ಜಾಡೋವಿಲ್ ಹೋಗಿ ಲಿಕಾಸಿ ಬಂತು. ಎಲಿಜಬೆತ್‌ವಿಲ್ ಊರಿನ ಪಕ್ಕ ಹರಿಯುವ ಚಿಕ್ಕ ಹೊಳೆಯ ಹೆಸರು ಪಡೆದು ಲುಬುಂಬಾಶಿ ಆಯಿತು. ಆದರೆ ಟೂರಿಸಂ ವ್ಯಾಪಾರ ಮಾಡುವವರಿಗೆ ಹಳೆ ಹೆಸರೇ ಬಂಡವಾಳ. ಟೂರಿನ ಪೋಸ್ಟರ್‌ನಲ್ಲಿ ಕಂದು ಬಣ್ಣದ ಹಳೆ ಫೋಟೋ, ಬಿಳಿ ಸೂಟಿನ ಗಂಡಸರು, ಖಾಲಿ ಖಾಲಿ ಅಗಲ ರಸ್ತೆ, ಮೇಲೆ ದಪ್ಪ ಅಕ್ಷರದಲ್ಲಿ ಎಲಿಜಬೆತ್‌ವಿಲ್. ನೋಡಿದ ಕೂಡಲೇ ನನಗೆ ಸ್ವಲ್ಪ ಅನುಮಾನ ಬಂತು, ಏಕೆಂದರೆ ಆ ಫೋಟೋದಲ್ಲಿ ಮೈಮುರಿದು ದುಡಿದು ಊರು ಕಟ್ಟಿದ ಇಲ್ಲಿನ ಜನ ಒಬ್ಬರೂ ಇಲ್ಲ.

ಕಂಪನಿಯ ಹೆಸರು ಬರೆಯುವುದಿಲ್ಲ. ಸಣ್ಣ ಆಫೀಸು, ದೂರುಗಳೂ ಇವೆ, ಜೊತೆಗೆ ಇದೇ ಸುತ್ತಾಟವನ್ನು ಇನ್ನೂ ಕೆಲವರು ಮಾಡಿಸುತ್ತಾರೆ. ಬುಕಿಂಗ್ ಪೂರ್ತಿ ವಾಟ್ಸಾಪ್‌ನಲ್ಲಿ. ಅರ್ಧ ದಿನಕ್ಕೆ, ಕಾರು ಡ್ರೈವರ್ ಗೈಡ್ ಎಲ್ಲ ಸೇರಿ, 60 ಡಾಲರ್. ತಲೆಗೆ ಇಷ್ಟು ಅಂತ ಅಲ್ಲ, ಕಾರಿಗೆ ಅಷ್ಟು. ನಾಲ್ಕು ಜನ ಹಂಚಿಕೊಂಡರೆ ಏನೂ ಅಲ್ಲ. ಮ್ಯೂಸಿಯಂ ಟಿಕೆಟ್, ಊಟ ಎರಡೂ ಬೇರೆ. ಇದನ್ನು ಮುಂಚೆ ಸ್ಪಷ್ಟವಾಗಿ ಹೇಳುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ.

ಕಾರು ಜಪಾನಿನಿಂದ ಸೆಕೆಂಡ್‌ಹ್ಯಾಂಡ್ ಬಂದದ್ದು, ಸ್ಟೇರಿಂಗ್ ಬಲಗಡೆ ಇದೆ. ಕಾಂಗೋದಲ್ಲಿ ಓಡಿಸುವುದು ರಸ್ತೆಯ ಬಲಗಡೆ. ಹಾಗಾಗಿ ಲಾರಿಯನ್ನು ಓವರ್‌ಟೇಕ್ ಮಾಡುವಾಗ ಎದುರಿಗೆ ಏನು ಬರುತ್ತಿದೆ ಅಂತ ಡ್ರೈವರ್‌ಗೆ ಕಾಣುವುದಿಲ್ಲ, ಮುಂದೆ ಎಡಗಡೆ ಕೂತ ನಿಮಗೆ ಕಾಣುತ್ತದೆ. ನೀವು ಕೂಗಬೇಕು. ಎಸಿ ಇದೆ ಅಂದಿದ್ದರು, ಇತ್ತು, ಕೆಲಸ ಮಾಡುತ್ತಿರಲಿಲ್ಲ. ಊರು ಸಮುದ್ರ ಮಟ್ಟದಿಂದ 1,200 ಮೀಟರ್ ಎತ್ತರದಲ್ಲಿ ಇರುವುದರಿಂದ ಸೆಕೆ ಅಷ್ಟೇನೂ ಕಾಡುವುದಿಲ್ಲ, ಆದರೆ ಕಿಟಕಿ ಇಳಿಸಿದರೆ ಕೆಂಪು ಧೂಳು ಒಳಗೆ ಬಂದು ಹಲ್ಲಿನ ಮೇಲೆ ಕೂರುತ್ತದೆ. ಬಿಳಿ ಶರ್ಟ್ ಹಾಕಿಕೊಂಡು ಹೋಗಬೇಡಿ, ಅಷ್ಟೇ.

ಗೈಡ್ ಐವತ್ತು ದಾಟಿದ ಮನುಷ್ಯ. ಡ್ರೈವರ್ ಹುಡುಗ ಅವರನ್ನು ಪಾಪಾ ಅಂತ ಕರೆಯುತ್ತಿದ್ದ, ಇಲ್ಲಿ ಹಿರಿಯರನ್ನು ಹಾಗೇ ಕರೆಯುವುದು, ನಾನೂ ಹಾಗೇ ಕರೆದೆ. ಅಪ್ಪ ರೈಲ್ವೆಯಲ್ಲಿ, ಇವರು ಸ್ಕೂಲ್ ಮೇಷ್ಟ್ರು. ಸಂಬಳ ಸರಿಯಾಗಿ ಬರದೆ ಇದಕ್ಕೆ ಇಳಿದೆ ಅಂತ ಅವರೇ ಹೇಳಿದರು. ಫ್ರೆಂಚ್, ಸ್ವಾಹಿಲಿ ಎರಡೂ ನೀರು ಕುಡಿದ ಹಾಗೆ. ಇಂಗ್ಲಿಷ್ ನಿಧಾನ, ಆದರೆ ತಪ್ಪಿಲ್ಲ.

ಟೂರಿನ ಮೊದಲ ಅರ್ಧ ಊರಿನ ನಡುಭಾಗ. ಇದನ್ನೇ ಪೋಸ್ಟರ್ ಮಾರುವುದು. ಇದೇ ಟೂರಿನ ಸಪ್ಪೆ ಭಾಗ ಕೂಡ. ಚೌಕಾಕಾರದ ಬೀದಿಗಳು, ಎರಡೂ ಕಡೆ ಜಕರಂಡಾ ಮರಗಳು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋದರೆ ನೇರಳೆ ಹೂವು ರಸ್ತೆ ತುಂಬ ಬಿದ್ದಿರುತ್ತದೆ, ಅದು ಮಾತ್ರ ನಿಜವಾಗಲೂ ಚೆಂದ. ಕೆಂಪು ಇಟ್ಟಿಗೆಯ ಸಂತ ಪೀಟರ್ ಮತ್ತು ಪಾಲ್ ಕೆಥೆಡ್ರಲ್, 1920ರ ಸುಮಾರಿನದು. ಕೋರ್ಟ್ ಕಟ್ಟಡ. ಹಳೆ ಥಿಯೇಟರ್, ಅದು 1950ರ ದಶಕದ್ದು, ಈಗ ಅದನ್ನು 30 ಜೂನ್ ಕಟ್ಟಡ ಅನ್ನುತ್ತಾರೆ. ಕಾಂಗೋ ಸ್ವತಂತ್ರವಾದದ್ದು 1960ರ ಜೂನ್ 30ಕ್ಕೆ ಅಲ್ವಾ, ಆ ಹೆಸರು. ಪ್ರತಿ ಕಡೆಯೂ ಕಾರು ನಿಲ್ಲುತ್ತದೆ, ಗೈಡ್ ವರ್ಷ ಹೇಳುತ್ತಾರೆ, ಕಾರು ಮುಂದೆ ಹೋಗುತ್ತದೆ. ಸರ್ಕಾರಿ ಕಟ್ಟಡಗಳ ಮುಂದೆ ಫೋಟೋ ತೆಗೆಯುವಂತಿಲ್ಲ. ಪೊಲೀಸರು ನೋಡಿದರೆ ತಕರಾರು ಗ್ಯಾರಂಟಿ. ಹಾಗಾದರೆ ಅಲ್ಲಿ ನಿಲ್ಲಿಸುವುದು ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ.

ನಡುವೆ 1930ರಲ್ಲಿ ಕಟ್ಟಿದ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಬರುತ್ತದೆ. ಹೊರಗಿನಿಂದ ಮಾತ್ರ ನೋಡಿದ್ದು, ಆದರೆ ಕಥೆ ಚೆನ್ನಾಗಿದೆ. ಮೆಡಿಟರೇನಿಯನ್ ಸಮುದ್ರದ ರೋಡ್ಸ್ ಅನ್ನುವ ದ್ವೀಪದಿಂದ ಯಹೂದಿ ವ್ಯಾಪಾರಿಗಳು ಇಷ್ಟು ದೂರ ಬಂದು ಬಟ್ಟೆ, ಸಾಮಾನಿನ ಅಂಗಡಿ ಇಟ್ಟಿದ್ದರು. ಗ್ರೀಕರು, ಇಟಲಿಯವರೂ ಬಂದರು. ಈಗ ಆ ಯಹೂದಿಗಳಲ್ಲಿ ಬಹಳ ಕಡಿಮೆ ಜನ ಉಳಿದಿದ್ದಾರೆ. ಇದನ್ನು ಇನ್ನೂ ಹತ್ತು ನಿಮಿಷ ಹೇಳಿದ್ದರೆ ಕೇಳುತ್ತಿದ್ದೆ. ಕೋರ್ಟಿನ ಮುಂದೆ ಸುಮ್ನೆ ಕಳೆದ ಸಮಯ ಇಲ್ಲಿಗೆ ಬರಬೇಕಿತ್ತು.

ಮ್ಯೂಸಿಯಂನಲ್ಲಿ ಟೂರ್ ಚೇತರಿಸಿಕೊಳ್ಳುತ್ತದೆ. ದೊಡ್ಡ ಮ್ಯೂಸಿಯಂ ಏನಲ್ಲ, ಲೇಬಲ್‌ಗಳು ಫ್ರೆಂಚ್‌ನಲ್ಲಿ, ಅಲ್ಲಲ್ಲಿ ಬೆಳಕು ಸಾಲದು. ಆದರೆ ಅಲ್ಲಿನ ತಾಮ್ರದ ಶಿಲುಬೆಗಳನ್ನು ನೋಡದೆ ಬರಬೇಡಿ. ಕಟಾಂಗಾ ಶಿಲುಬೆ ಅಂತಲೇ ಹೆಸರು, ಕಟಾಂಗಾ ಅಂದರೆ ಲುಬುಂಬಾಶಿ ಇರುವ ಈ ಪ್ರದೇಶ. ಕ್ರೈಸ್ತರ ಶಿಲುಬೆಗೂ ಇದಕ್ಕೂ ಸಂಬಂಧ ಇಲ್ಲ, ಗುಣಾಕಾರ ಚಿಹ್ನೆಯ ಆಕಾರದ ತಾಮ್ರದ ಗಟ್ಟಿ ಅಷ್ಟೇ. ಯುರೋಪಿನವರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಇಲ್ಲಿನವರು ಅದಿರು ಕರಗಿಸಿ, ಅಚ್ಚಿಗೆ ಸುರಿದು ಮಾಡುತ್ತಿದ್ದರು. ಅದೇ ದುಡ್ಡು. ಹೆಣ್ಣಿಗೆ ತೆರ ಕೊಡಲಿಕ್ಕೂ ಅದೇ, ಸತ್ತವರ ಜೊತೆ ಹೂಳಲಿಕ್ಕೂ ಅದೇ. ಹತ್ತಿರ ಬಗ್ಗಿ ನೋಡಿದರೆ ಒಂದು ಬದಿ ಉಬ್ಬಿರುತ್ತದೆ, ಇನ್ನೊಂದು ಬದಿ ಒರಟು, ಸಣ್ಣ ಸಣ್ಣ ತೂತು. ಕರಗಿದ ತಾಮ್ರ ತೆರೆದ ಅಚ್ಚಿನಲ್ಲಿ ಆರುವಾಗ ಗಾಳಿಗುಳ್ಳೆ ಒಡೆದ ಗುರುತು ಅದು ಅಂತ ಪಾಪಾ ತೋರಿಸಿದರು. ಅಂಚಿನಲ್ಲಿ ಹಸಿರು ಕಿಲುಬು.

ಇಲ್ಲಿ ಗೈಡ್ ದನಿಯೇ ಬದಲಾಯಿತು. ಗಣಿಯನ್ನು ಬೆಲ್ಜಿಯಂನವರು ಕಂಡುಹಿಡಿದರು ಅಂತ ನಾನು ಸ್ಕೂಲಿನಲ್ಲಿ ಪಾಠ ಮಾಡಬೇಕಾಗಿತ್ತು, ನೋಡಿ ಇವನ್ನು, ಅಂದರು. ಬೆಟ್ಟದ ಮೇಲೆ ಮರ ಬೆಳೆಯದ ಬೋಳು ಜಾಗ, ಅಲ್ಲಿ ಮಾತ್ರ ಅರಳುವ ನೇರಳೆ ಹೂವಿನ ಒಂದು ಗಿಡ, ಅದನ್ನು ನೋಡಿದರೆ ಕೆಳಗೆ ತಾಮ್ರ ಇದೆ ಅಂತ ಲೆಕ್ಕ. ಜಾಸ್ತಿ ತಾಮ್ರ ಇರುವ ಮಣ್ಣು ಮರಗಳಿಗೆ ವಿಷ, ಆ ಗಿಡ ಮಾತ್ರ ತಡೆದುಕೊಳ್ಳುತ್ತದೆ. ಮುಂದೆ ಕಂಪನಿಗಳ ಭೂಗರ್ಭ ತಜ್ಞರೂ ಅದೇ ಹೂವಿನ ಜಾಡು ಹಿಡಿದು ಅದಿರು ಹುಡುಕಿದರು. ಆಮೇಲೆ ಮ್ಸೀರಿ ಅನ್ನುವ ರಾಜನ ಕಥೆ. ಇಲ್ಲಿನ ತಾಮ್ರ, ದಂತದ ವ್ಯಾಪಾರ ಎಲ್ಲ ಅವನ ಕೈಯಲ್ಲಿತ್ತು. ಬೆಲ್ಜಿಯಂನ ಲಿಯೋಪೋಲ್ಡ್ ರಾಜನ ಬಾವುಟ ಒಪ್ಪಲಿಲ್ಲ ಅಂತ 1891ರ ಡಿಸೆಂಬರ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅದಾಗಿ ಇಪ್ಪತ್ತು ವರ್ಷದೊಳಗೆ ಇಲ್ಲಿ ಎಲಿಜಬೆತ್‌ವಿಲ್ ಎದ್ದಿತ್ತು.

ಇಲ್ಲಿನ ತಾಮ್ರ ತೆಗೆದ ಬೆಲ್ಜಿಯಂ ಗಣಿ ಕಂಪನಿ ಯೂನಿಯನ್ ಮಿನಿಯೇರ್ ಶುರುವಾದದ್ದು 1906ರಲ್ಲಿ. ದಕ್ಷಿಣ ಆಫ್ರಿಕಾ ಕಡೆಯಿಂದ ರೊಡೇಷಿಯಾ (ಈಗಿನ ಜಿಂಬಾಬ್ವೆ, ಜಾಂಬಿಯಾ) ದಾಟಿ ಬಂದ ರೈಲು ಇಲ್ಲಿಗೆ ಮುಟ್ಟಿದ್ದು 1910ರಲ್ಲಿ. 1911ರಲ್ಲಿ ಮೊದಲ ತಾಮ್ರ ಕರಗಿತು. ಕುಲುಮೆಗೆ ಬೇಕಾದ ಕೋಕ್ ಕೂಡ ರೊಡೇಷಿಯಾದ ವಾಂಕಿ ಗಣಿಯಿಂದ ಬರುತ್ತಿತ್ತು. ಅಂದರೆ ಊರು ಕಾಂಗೋದ್ದು, ಉಸಿರು ದಕ್ಷಿಣದ್ದು. ಈಗಲೂ ಹಾಗೇ ಇದೆ, ಗಡಿಯ ಕಸುಂಬಲೇಸಾದಲ್ಲಿ ಲಾರಿಗಳು ಮೈಲಿಗಟ್ಟಲೆ ನಿಂತಿರುತ್ತವೆ, ರಾಜಧಾನಿ ಕಿನ್ಶಾಸಾಗೆ ಹೋಗಬೇಕಾದರೆ ವಿಮಾನವೇ ಗತಿ, ಎರಡು ಊರಿನ ಗಡಿಯಾರವೂ ಒಂದು ಗಂಟೆ ಹಿಂದೆ ಮುಂದೆ.

ಇನ್ನು ಚಿಮಣಿ ಮತ್ತು ಗುಡ್ಡ. ಲುಬುಂಬಾಶಿಯ ಯಾವ ಮೂಲೆಯಿಂದ ನೋಡಿದರೂ ಕಾಣುವುದು ಇವೆರಡೇ. ಚಿಮಣಿ 150 ಮೀಟರ್‌ಗೂ ಎತ್ತರ. ಗುಡ್ಡ ಅಂದರೆ ನಿಜವಾದ ಗುಡ್ಡ ಅಲ್ಲ, ದಶಕಗಳ ಕಾಲ ಕುಲುಮೆಯಿಂದ ತೆಗೆದು ಸುರಿದ ಕಿಟ್ಟದ ರಾಶಿ, ಕಪ್ಪಗೆ ಇದೆ. ಇಲ್ಲಿನವರು ಟೆರಿಲ್ ಅನ್ನುತ್ತಾರೆ. ಆಗ ಬೇಡ ಅಂತ ಎಸೆದದ್ದರಲ್ಲೇ ಕೊಬಾಲ್ಟ್ ಇದೆ, ಜರ್ಮೇನಿಯಂ ಇದೆ ಅಂತ ಈಗ ಅದನ್ನೇ ಮತ್ತೆ ತೋಡಿ ಕರಗಿಸುತ್ತಿದ್ದಾರೆ. ಗುಡ್ಡದ ಹತ್ತಿರ ಬಿಡುವುದಿಲ್ಲ, ಗೇಟಿನಲ್ಲಿ ಕಾವಲು ಇದೆ. ಟೂರ್ ಕಂಪನಿಯ ಮೆಸೇಜಿನಲ್ಲಿ ಟೆರಿಲ್ ವ್ಯೂ ಪಾಯಿಂಟ್ ಅಂತ ಬರೆದಿತ್ತು, ನಾನು ಏನೋ ಎತ್ತರದ ಜಾಗ ಇರಬಹುದು ಅಂದುಕೊಂಡೆ. ಅದು ರೈಲು ಹಳಿಯ ಪಕ್ಕ ಒಂದು ಟೈರ್ ಪಂಕ್ಚರ್ ಅಂಗಡಿ. ಅಂಗಡಿಯವನು ನಮಗೆ ಕೂರಲು ಟೈರ್ ಕೊಟ್ಟ, ಪಾಪ. ನೋಟ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಎರಡನೇ ಅರ್ಧ ಪಟ್ಟಿಯಲ್ಲಿ ಒಂದೇ ಸಾಲು: ಕಮಲೊಂಡೋ, ಸ್ಟೇಡಿಯಂ, ಶಾಪಿಂಗ್. ನನ್ನ ಪ್ರಕಾರ ಟೂರಿನ ಜೀವ ಇರುವುದೇ ಇಲ್ಲಿ.

ಎಲಿಜಬೆತ್‌ವಿಲ್ ಒಂದು ಊರಲ್ಲ, ಎರಡು ಊರು. ಬಿಳಿಯರ ಊರು ಒಂದು ಕಡೆ, ಕರಿಯರ ಬಡಾವಣೆ ಕಮಲೊಂಡೋ ಇನ್ನೊಂದು ಕಡೆ, ಮಧ್ಯದಲ್ಲಿ ಬೇಕೆಂದೇ ಖಾಲಿ ಬಿಟ್ಟ ಜಾಗ. ಮಲೇರಿಯಾದ ನೆಪ. ಸೊಳ್ಳೆ ಅಷ್ಟು ದೂರ ಹಾರುವುದಿಲ್ಲ ಅನ್ನುವ ಲೆಕ್ಕ. ಸೊಳ್ಳೆಗೆ ಇಷ್ಟು ಮರ್ಯಾದೆ ಕೊಟ್ಟ ಊರು ಇನ್ನೊಂದಿರಲಿಕ್ಕಿಲ್ಲ. ಈಗ ಆ ಜಾಗದಲ್ಲಿ ಕಟ್ಟಡಗಳು ಬಂದಿವೆ, ಸುಮ್ನೆ ಹೋದರೆ ಗೊತ್ತಾಗುವುದಿಲ್ಲ. ಪಾಪಾ ಡ್ರೈವರ್‌ಗೆ ನಿಧಾನ ಮಾಡು ಅಂತ ಹೇಳಿ, ಇಲ್ಲಿ ಶುರು, ಇಲ್ಲಿ ಮುಗಿಯಿತು ಅಂತ ಬೆರಳು ಮಾಡಿ ತೋರಿಸಿದರು. ಕಾರಿನಲ್ಲಿ ಎರಡು ನಿಮಿಷ ಆಗಲಿಲ್ಲ. ಆದರೆ ಅಷ್ಟರಲ್ಲಿ ಮರಗಳು ಕಡಿಮೆಯಾಗಿ, ಮನೆಗಳು ಚಿಕ್ಕದಾಗಿ, ರಸ್ತೆಯಲ್ಲಿ ಜನ ಜಾಸ್ತಿಯಾಗಿ ಊರೇ ಬೇರೆ ಆಗಿರುತ್ತದೆ.

ಅಲ್ಲಿಂದ ಮುಂದೆ ಅವರು ಹೇಳಿದ್ದೆಲ್ಲ ಪೋಸ್ಟರ್‌ನಲ್ಲಿ ಇಲ್ಲದ್ದು. ಎರಡನೇ ಮಹಾಯುದ್ಧದ ಸಮಯದಲ್ಲಿ ತಾಮ್ರಕ್ಕೆ ಬೇಡಿಕೆ ಏರಿತು, ಸಾಮಾನಿನ ಬೆಲೆಯೂ ಏರಿತು, ಕೂಲಿ ಮಾತ್ರ ಸಾಲುತ್ತಿರಲಿಲ್ಲ. 1941ರ ಡಿಸೆಂಬರ್‌ನಲ್ಲಿ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಮಾತುಕತೆ ಅಂತ ಫುಟ್‌ಬಾಲ್ ಮೈದಾನದಲ್ಲಿ ಸೇರಿದ್ದವರ ಮೇಲೆ ಡಿಸೆಂಬರ್ 9ರಂದು ಸೈನಿಕರು ಗುಂಡು ಹಾರಿಸಿದರು. ಹತ್ತಾರು ಜನ ಸತ್ತರು. ಮುಂದಾಳು ಲೆಯೊನಾರ್ ಎಂಪೊಯಿ ಅನ್ನುವವರೂ ಸತ್ತರು, ಅವರು ಕಂಪನಿಯಲ್ಲಿ ಗುಮಾಸ್ತರು. ಬಿಳಿ ಸೂಟಿನ ಫೋಟೋ ಹಾಕಿಕೊಂಡು ಟೂರ್ ಮಾರುವವರು ಇದನ್ನೂ ಒಂದು ಸಾಲು ಬರೆಯಬಹುದಿತ್ತು. ಆಫೀಸಿನಲ್ಲಿ ಆಮೇಲೆ ಕೇಳಿದೆ. ಗಿರಾಕಿಗಳಿಗೆ ಬೇಜಾರಾಗುತ್ತದೆ ಅಂದರು. ನನಗೆ ಬೇಜಾರಾದದ್ದು ಕೋರ್ಟ್ ಕಟ್ಟಡದ ಮುಂದೆ.

ಲುಮುಂಬಾ ವಿಷಯ ಕೂಡ ಹೀಗೇ. ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು 1961ರ ಜನವರಿ 17ರಂದು ಕೈ ಕಟ್ಟಿ ಈ ಊರಿಗೆ ವಿಮಾನದಲ್ಲಿ ತಂದರು. ಆಗ ಕಟಾಂಗಾ ನಾವು ಬೇರೆ ದೇಶ ಅಂತ ಘೋಷಿಸಿಕೊಂಡಿತ್ತು, ಮೊಯಿಸ್ ಶೋಂಬೆ ಅದರ ಅಧ್ಯಕ್ಷ, ಎಲಿಜಬೆತ್‌ವಿಲ್ ರಾಜಧಾನಿ. ಹಿಂದೆ ಬೆಲ್ಜಿಯಂ ಗಣಿ ಕಂಪನಿಯ ದುಡ್ಡು. ವಿಲ್ಲಾ ಬ್ರೂವೆ ಅನ್ನುವ ಮನೆಯಲ್ಲಿ ಹೊಡೆದು, ಅದೇ ರಾತ್ರಿ ಊರ ಹೊರಗೆ ಕಾಡಿನಲ್ಲಿ ಇನ್ನಿಬ್ಬರ ಜೊತೆ ಗುಂಡಿಟ್ಟು ಕೊಂದರು. ಆಮೇಲೆ ದೇಹವನ್ನು ಆಸಿಡ್‌ನಲ್ಲಿ ಕರಗಿಸಿದರು. ಒಂದು ಹಲ್ಲನ್ನು ಬೆಲ್ಜಿಯಂ ಪೊಲೀಸ್ ಅಧಿಕಾರಿಯೊಬ್ಬ ಇಟ್ಟುಕೊಂಡಿದ್ದ, ಅದು ಮನೆಯವರ ಕೈಗೆ ಬಂದದ್ದು 2022ರ ಜೂನ್‌ನಲ್ಲಿ. ಕೊಂದ ಜಾಗ ಶಿಲಾಟೆಂಬೊ, ಅಲ್ಲಿ ಸ್ಮಾರಕ ಇದೆ. ಅದು ಅರ್ಧ ದಿನದ ಟೂರಿನಲ್ಲಿ ಬರುವುದಿಲ್ಲ, ಇಡೀ ದಿನ ಬುಕ್ ಮಾಡಬೇಕು. ನಿಮಗೆ ಈ ವಿಷಯದಲ್ಲಿ ಆಸಕ್ತಿ ಇದ್ದರೆ ಇಡೀ ದಿನವೇ ತೆಗೆದುಕೊಳ್ಳಿ, ಕೋರ್ಟು ಥಿಯೇಟರು ಎಲ್ಲ ಬಿಡಿ.

ಭಾರತದವರು ಇಲ್ಲಿಗೆ ಬಂದರೆ ಕೇಳಲೇಬೇಕಾದ ಇನ್ನೊಂದು ವಿಷಯ ಇದೆ. ಕಟಾಂಗಾ ಗಲಾಟೆಯ ಕಾಲದಲ್ಲಿ ವಿಶ್ವಸಂಸ್ಥೆ ಪಡೆಯಲ್ಲಿ ನಮ್ಮ ಸೈನಿಕರು ಇದೇ ಊರಿನಲ್ಲಿದ್ದರು. 1961ರ ಡಿಸೆಂಬರ್ 5ರಂದು ಇಲ್ಲಿನ ಒಂದು ರೌಂಡಬೌಟ್ ಹತ್ತಿರ ದಾರಿ ತಡೆದು ಕೂತಿದ್ದ ಕಟಾಂಗಾ ಪಡೆಯ ಮೇಲೆ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ 16 ಜನ ಗೂರ್ಖಾ ಸೈನಿಕರನ್ನು ಕಟ್ಟಿಕೊಂಡು ನುಗ್ಗಿದರು. ಕೈಯಲ್ಲಿ ಖುಕುರಿ. ಎದುರಿಗೆ ಇದ್ದವರು ಎಷ್ಟೋ ಪಟ್ಟು ಜಾಸ್ತಿ. ದಾರಿ ತೆರವಾಯಿತು, ಕುತ್ತಿಗೆಗೆ ಗುಂಡು ತಗುಲಿ ಕ್ಯಾಪ್ಟನ್ ಉಳಿಯಲಿಲ್ಲ. ಇಪ್ಪತ್ತಾರು ವರ್ಷ. ವಿಶ್ವಸಂಸ್ಥೆ ಕೆಲಸದಲ್ಲಿ ಇದ್ದು ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ಸೇನೆಯ ದಾಖಲೆಯಲ್ಲಿ ಊರಿನ ಹೆಸರು ಎಲಿಜಬೆತ್‌ವಿಲ್ ಅಂತಲೇ ಇರುವುದು, ಅದಕ್ಕೇ ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಲುಬುಂಬಾಶಿ ಅಂತ ಗೊತ್ತೇ ಇಲ್ಲ. ಟೂರಿನ ಪಟ್ಟಿಯಲ್ಲಿ ಇದು ಇಲ್ಲ. ನಾನು ಕೇಳಿದಾಗ ಪಾಪಾಗೆ ಸಲಾರಿಯಾ ಹೆಸರು ಗೊತ್ತಿರಲಿಲ್ಲ, ಆದರೆ ಗೂರ್ಖಾ ಅಂದ ಕೂಡಲೇ ಹೌದು ಹೌದು, ನಮ್ಮ ಅಮ್ಮ ಹೇಳುತ್ತಿದ್ದಳು, ಬಾಗಿದ ಚಾಕುವಿನವರು, ಅಂದರು. ಹೆಚ್ಚಿಗೆ ದುಡ್ಡು ಕೇಳದೆ ಹಳೆ ವಿಮಾನ ನಿಲ್ದಾಣದ ಕಡೆಯ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿದರು. ದಾರಿಯುದ್ದಕ್ಕೂ ನನ್ನಿಂದ ಕಥೆ ಪೂರ್ತಿ ಕೇಳಿಕೊಂಡು ಚೀಟಿಯಲ್ಲಿ ಹೆಸರು, ತಾರೀಕು ಬರೆದುಕೊಂಡರು. ಮುಂದಿನ ಸಲ ಭಾರತದವರು ಬಂದರೆ ನಾನೇ ಹೇಳುತ್ತೇನೆ ಅಂದರು. ಮೂರು ಸ್ಟಾರ್ ಸುಮ್ನೆ ಕೊಟ್ಟಿಲ್ಲ.

ಕಮಲೊಂಡೋದ ಸ್ಟೇಡಿಯಂ ಫುಟ್‌ಬಾಲ್ ಹುಚ್ಚು ಇರುವವರಿಗೆ ಹಬ್ಬ. ಟಿಪಿ ಮಜೆಂಬೆ ಕ್ಲಬ್ಬಿನ ಮನೆ ಅದು. 1939ರಲ್ಲಿ ಪಾದ್ರಿಗಳು ಹುಡುಗರಿಗೋಸ್ಕರ ಶುರು ಮಾಡಿದ ತಂಡ, ಐದು ಸಲ ಆಫ್ರಿಕಾ ಚಾಂಪಿಯನ್: 1967, 1968, 2009, 2010, 2015. 2010ರಲ್ಲಿ ಕ್ಲಬ್ ವಿಶ್ವಕಪ್ ಫೈನಲ್ ತನಕ ಹೋಗಿ ಇಂಟರ್ ಮಿಲಾನ್ ಹತ್ತಿರ 3-0 ಸೋತಿತು. ಗೋಲ್‌ಕೀಪರ್ ಕಿಡಿಯಾಬಾ ತನ್ನ ತಂಡ ಗೋಲು ಹೊಡೆದಾಗಲೆಲ್ಲ ಕೂತಲ್ಲೇ ಕುಂಡಿಯ ಮೇಲೆ ಕುಪ್ಪಳಿಸುತ್ತಿದ್ದ ವಿಡಿಯೋ ನೀವೂ ನೋಡಿರುತ್ತೀರಿ. ನಮ್ಮ ಡ್ರೈವರ್ ಹುಡುಗ ಇಡೀ ಬೆಳಿಗ್ಗೆ ಬಾಯಿ ಬಿಚ್ಚದವನು ಇಲ್ಲಿ ಗೈಡ್ ಕೈಯಿಂದ ಮಾತು ಕಿತ್ತುಕೊಂಡ. ಸ್ಟೇಡಿಯಂ ಬಾಗಿಲು ಹಾಕಿತ್ತು, ಆದರೂ ಗೇಟಿನ ಮುಂದೆಯೇ ಕುಪ್ಪಳಿಸಿ ತೋರಿಸಿದ.

ಊಟ. ಪಾಪಾ ಕರೆದುಕೊಂಡು ಹೋದದ್ದು ಪ್ಲಾಸ್ಟಿಕ್ ಕುರ್ಚಿ ಹಾಕಿದ ಸಣ್ಣ ಹೋಟೆಲ್. ಬುಕಾರಿ ಮತ್ತು ಸೊಂಬೆ. ಬುಕಾರಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಮುರಿಯುವುದು ಅದ್ದುವುದು ಎಲ್ಲ ನಮ್ಮ ರಾಗಿ ಮುದ್ದೆಯ ಹಾಗೇ, ಏನೂ ಕಲಿಯಬೇಕಾಗಿಲ್ಲ, ಆದರೆ ಇಲ್ಲಿನವರು ನುಂಗುವುದಿಲ್ಲ, ಅಗಿಯುತ್ತಾರೆ. ಸೊಂಬೆ ಮರಗೆಣಸಿನ ಎಲೆಯನ್ನು ಕುಟ್ಟಿ ಹೊತ್ತುಗಟ್ಟಲೆ ಬೇಯಿಸಿದ ಪಲ್ಯ, ತಾಳೆ ಎಣ್ಣೆ ಹಾಕಿದ್ದು. ಸಸ್ಯಾಹಾರಿಗಳು ಹುಷಾರು, ನೋಡಲು ಬರೀ ಸೊಪ್ಪು, ಒಳಗೆ ಒಣಮೀನು ಇರಬಹುದು. ಸಮಾಕಿ ಇದೆಯಾ ಅಂತ ಕೇಳಿ, ಸ್ವಾಹಿಲಿಯಲ್ಲಿ ಮೀನಿಗೆ ಅದೇ ಹೆಸರು. ಖಾರ ಬೇಕಾದರೆ ಪಿಲಿಪಿಲಿ ಅನ್ನಿ. ಪಕ್ಕದ ಟೇಬಲಿನಲ್ಲಿ ಎಲ್ಲರ ಮುಂದೆ ಸಿಂಬಾ ಬಿಯರ್, ಇದೇ ಊರಿನದು. ರುಚಿಗೆ ಪೂರ್ತಿ ಮಾರ್ಕು. ಟೂರ್ ಕಂಪನಿ ಪಟ್ಟಿಯಲ್ಲಿರುವ ಹೋಟೆಲ್ ಬೇರೆ, ಅಲ್ಲಿ ಪಿಜ್ಜಾ ಸಿಗುತ್ತದಂತೆ. ಲುಬುಂಬಾಶಿಗೆ ಬಂದು ಪಿಜ್ಜಾ ತಿನ್ನುವವರು ತಿನ್ನಲಿ.

ಕೊನೆಗೆ ಶಾಪಿಂಗ್, ಅಂದರೆ ಮಲಕೈಟ್ ಅನ್ನುವ ತಾಮ್ರದ ಹಸಿರು ಕಲ್ಲು. ನನ್ನ ಜಗಳ ಇರುವುದು ಇಲ್ಲಿ. ಮೊದಲು ನಿಲ್ಲಿಸಿದ್ದು ಟೂರ್ ಆಫೀಸಿಗೆ ಬೇಕಾದವರ ಅಂಗಡಿ. ಗಾಜಿನ ಕಪಾಟು, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಕಮಿಷನ್ ಇದೆ ಅಂತ ಯಾರೂ ಹೇಳಬೇಕಾಗಿಲ್ಲ, ಡ್ರೈವರ್ ಒಳಗೆ ಹೋಗಿ ಚೀಟಿಗೆ ಸಹಿ ಹಾಕಿಸಿಕೊಂಡು ಬಂದ. ನಾನು ಖರೀದಿ ಮಾಡದೆ ಎದ್ದು ಬಂದೆ, ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ ಅಂತ ಹಠ ಹಿಡಿದೆ. ಹೋದದ್ದು ಒಳ್ಳೆಯದಾಯಿತು. ಕುಶಲಕರ್ಮಿಗಳು ಅಲ್ಲೇ ಕೂತು ಚಕ್ರಕ್ಕೆ ಕಲ್ಲು ಹಿಡಿದು ಉಜ್ಜುತ್ತಿರುತ್ತಾರೆ, ಮೇಲಿನ ಮಂಕು ಪದರ ಹೋಗಿ ಒಳಗಿನ ಹಸಿರು ಪಟ್ಟೆಗಳು ಒಂದೊಂದಾಗಿ ಏಳುತ್ತವೆ, ಎಲೆ ಹಸಿರು, ಅದರ ಪಕ್ಕ ಕಪ್ಪಿಗೆ ಹತ್ತಿರದ ಹಸಿರು, ಮತ್ತೆ ತಿಳಿ. ಧೂಳು ಕೂಡ ಹಸಿರು, ತೋಳಿನ ತನಕ ಹತ್ತಿರುತ್ತದೆ. ಆ ಧೂಳು ತಾಮ್ರದ್ದು, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡವರು ಒಬ್ಬರೂ ಕಾಣಲಿಲ್ಲ. ನೀವಂತೂ ಗಾಳಿಯ ಎದುರು ನಿಂತು ನೋಡಬೇಡಿ.

ಅಸಲಿ ಕಲ್ಲು ಕೈಗೆ ತಣ್ಣಗೆ, ಭಾರವಾಗಿ ಇರುತ್ತದೆ. ಪಟ್ಟೆಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ, ಎಲ್ಲೋ ಸುತ್ತಿಕೊಂಡು ಕಣ್ಣಿನ ಹಾಗೆ ಆಗಿರುತ್ತವೆ. ರೂಲರ್ ಇಟ್ಟು ಗೆರೆ ಎಳೆದಂತೆ ಇದ್ದು, ಕೈಯಲ್ಲಿ ಹಿಡಿದ ಕೂಡಲೇ ಬೆಚ್ಚಗಾದರೆ ಅದು ಪ್ಲಾಸ್ಟಿಕ್. ಹೇಳಿದ ಬೆಲೆಯ ಅರ್ಧಕ್ಕಿಂತ ಕಡಿಮೆಯಿಂದ ಚೌಕಾಸಿ ಶುರು ಮಾಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ತಂದದ್ದು ಒಂದು ಮೊಟ್ಟೆ, ಒಂದು ಆನೆ. ಮಲಕೈಟ್ ಮೆತ್ತನೆ ಕಲ್ಲು, ಕೀಲಿಕೈ ತಾಗಿದರೂ ಗೀರು ಬೀಳುತ್ತದೆ. ನಿಂಬೆ ರಸ, ವಿನೆಗರ್ ಹಾಕಿ ತೊಳೆದರೆ ಹೊಳಪು ಹೋಯಿತು ಅಂತ ಲೆಕ್ಕ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾಕು. ಚೆಸ್ ಬೋರ್ಡ್ ನೋಡಲು ಬಹಳ ಚೆನ್ನಾಗಿದೆ, ಆದರೆ ಲಗೇಜಿನ ತೂಕ ಲೆಕ್ಕ ಹಾಕಿಕೊಂಡು ಆಸೆ ಪಡಿ.

ಟೂರ್ ಮುಗಿಯುವಾಗ ಆಫೀಸಿನವರು ಫೋಟೋ ಅನುಮತಿ ಅಂತ 10 ಡಾಲರ್ ಬೇರೆ ಕೇಳಿದರು. ರಸೀದಿ ಕೊಡಿ ಅಂದೆ. ರಸೀದಿ ಪುಸ್ತಕ ಮುಗಿದಿದೆ ಅಂದರು. ಹಾಗಾದರೆ ದುಡ್ಡೂ ಮುಗಿದಿದೆ ಅಂದೆ. ಅಲ್ಲಿಗೆ ವಿಷಯ ಮುಗಿಯಿತು, ಯಾರೂ ಜಗಳಕ್ಕೆ ಬರಲಿಲ್ಲ. ಇದೊಂದಕ್ಕೆ ಒಂದು ಸ್ಟಾರ್ ಕತ್ತರಿಸಿದ್ದೇನೆ. ಉಳಿದ ಅರ್ಧ ಸ್ಟಾರ್ ಹೋದದ್ದು ಆ ಪಟ್ಟಿಗೆ. ಊರನ್ನು ರಾಣಿಯ ಹೆಸರಿನಲ್ಲಿ ಮಾರುವುದು ಸರಿ, ಗಿರಾಕಿ ಬರಬೇಕಲ್ಲ. ಬಂದ ಮೇಲೂ ಅರ್ಧ ಸಮಯ ಅದೇ ಬಣ್ಣ ಬಳಿದ ಗೋಡೆಗಳನ್ನೇ ತೋರಿಸುತ್ತಾ ಕೂತರೆ ಹೇಗೆ? ಅಷ್ಟು ಕಥೆ ತಲೆಯಲ್ಲಿ ಇಟ್ಟುಕೊಂಡ ಮನುಷ್ಯನನ್ನು ಪಕ್ಕದಲ್ಲೇ ಕೂರಿಸಿಕೊಂಡು?

ಹೋಗುವವರಿಗೆ ಸ್ವಲ್ಪ ಕೆಲಸದ ಮಾತು. ಬುಕ್ ಮಾಡುವಾಗಲೇ ಟೂರನ್ನು ತಿರುಗಿಸಿ ಅಂತ ಹೇಳಿ: ಮೊದಲು ಮ್ಯೂಸಿಯಂ, ಆಮೇಲೆ ಕಮಲೊಂಡೋ, ಊಟ, ಮಲಕೈಟ್ ಮಾರ್ಕೆಟ್, ಟೈಮ್ ಉಳಿದರೆ ಕೆಥೆಡ್ರಲ್. ಒಪ್ಪುತ್ತಾರೆ. ಡಾಲರ್ ನೋಟು ಹೊಸದಾಗಿರಲಿ, ಅಂಚು ಚೂರು ಹರಿದಿದ್ದರೂ, ಪೆನ್ನಿನ ಗುರುತು ಇದ್ದರೂ ತೆಗೆದುಕೊಳ್ಳುವುದಿಲ್ಲ. ಸಣ್ಣ ಖರ್ಚಿಗೆ ಕಾಂಗೋ ಫ್ರಾಂಕ್ ಇಟ್ಟುಕೊಳ್ಳಿ. ನವೆಂಬರ್‌ನಿಂದ ಏಪ್ರಿಲ್ ತನಕ ಮಳೆ, ಆಗ ಕಮಲೊಂಡೋ ಕಡೆ ಬೀದಿಗಳು ಕೆಸರು. ಮೇ ಆದ ಮೇಲೆ ಹೋದರೆ ಬೆಳಿಗ್ಗೆ ಸ್ವೆಟರ್ ಬೇಕು. ಪಾಸ್‌ಪೋರ್ಟಿನ ಜೆರಾಕ್ಸ್ ಜೇಬಿನಲ್ಲಿ ಇರಲಿ, ಒರಿಜಿನಲ್ ರೂಮಿನಲ್ಲಿ. ಹಳದಿ ಜ್ವರದ ಲಸಿಕೆ ಕಾರ್ಡ್ ಏರ್‌ಪೋರ್ಟಿನಲ್ಲೇ ಕೇಳುತ್ತಾರೆ, ಅದಿಲ್ಲದೆ ಊರೊಳಗೆ ಬರುವುದೇ ಕಷ್ಟ. ಫ್ರೆಂಚ್ ಬಾರದಿದ್ದರೆ ಇಂಗ್ಲಿಷ್ ಗೈಡ್ ಬೇಕು ಅಂತ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಯಾರು ಬರುತ್ತಾರೆ ಅಂತ ಕೇಳಿ, ಸ್ಕೂಲ್ ಮೇಷ್ಟ್ರಾಗಿದ್ದವರು ಅಂದರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ, ಟಿಪ್ಸ್ ಆಫೀಸಿಗೆ ಕೊಡದೆ ನೇರ ಅವರ ಕೈಗೇ ಕೊಡಿ.